ಉದ್ರಿ, ಜಮಾ ಮತ್ತು ನಮ್ಮ ಏಜೆಂಟ್

ಮೊದಲೇ ಹೇಳಿಬಿಡ್ತೀವಿ. ನಾವು ಮೂವರೂ ಇಂಗ್ಲಿಷ್ ಮೀಡಿಯಂ. ಹತ್ತನೇ ಕ್ಲಾಸಿನವರೆಗೆ ಕನ್ನಡ ಒಂದು ಸಬ್ಜೆಕ್ಟ್ ಆಗಿತ್ತು, ಆಮೇಲೆ ಮನೇಲಿ, ಬಸ್ಸಲ್ಲಿ, ಕ್ಯಾಂಟೀನಲ್ಲಿ ಮಾತ್ರ. ಇಲ್ಲಿ ಒತ್ತಕ್ಷರ ತಪ್ಪಿದ್ದರೆ ಸಂಘದವರು ತಿದ್ದಿರ್ತಾರೆ. ಅವರ ಕಣ್ಣೂ ತಪ್ಪಿಸಿ ಉಳಿದಿದ್ದರೆ ಅದು ನಮ್ಮದೇ. ಆದರೂ ಇದನ್ನ ಕನ್ನಡದಲ್ಲೇ ಬರೀಬೇಕು ಅನ್ನಿಸ್ತು, ಯಾಕಂದ್ರೆ ನಾವು ಮಾಡಿದ ಎಡವಟ್ಟಿಗೆ ಕಾರಣ ಒಂದು ಇಂಗ್ಲಿಷ್ ಪದ. ಆ ಎಡವಟ್ಟಿನಿಂದ ಒಬ್ಬ ಅಜ್ಜಿ ತನ್ನ ಮಗನ ಹತ್ತಿರ ಬೈಸಿಕೊಂಡರು.

ನಮ್ಮಲ್ಲಿ ಒಬ್ಬಳ ಮನೆ ಇರೋದು ಆರ್‌ಪಿಸಿ ಲೇಔಟ್‌ನಲ್ಲಿ. ಅತ್ತಿಗುಪ್ಪೆ ಮೆಟ್ರೋ ಸ್ಟೇಷನ್‌ನಲ್ಲಿ ಇಳಿದರೆ ನಡೆದುಕೊಂಡೇ ಹೋಗಬಹುದು. ಅವರ ರಸ್ತೆ ಮೂಲೆಯಲ್ಲಿ ಒಂದು ಪ್ರಾವಿಷನ್ ಸ್ಟೋರ್ ಇದೆ. ಅಂಗಡಿ ಅಂಕಲ್, ಆಂಟಿ, ಸಾಮಾನು ಕಟ್ಟೋಕೆ ಒಬ್ಬ ಹುಡುಗ, ಇಷ್ಟೇ ಜನ. ಗಲ್ಲಾ ಪಕ್ಕ ಒಂದು ಕಂಪ್ಯೂಟರ್, ಅದರಲ್ಲಿ ಬಿಲ್ಲಿಂಗ್ ಸಾಫ್ಟ್‌ವೇರ್. ಆದರೆ ತಿಂಗಳ ಲೆಕ್ಕದ ಗಿರಾಕಿಗಳ ಬಾಕಿ ಮಾತ್ರ ಕಂಪ್ಯೂಟರಿನಲ್ಲಿ ಇರಲಿಲ್ಲ. ಅದಕ್ಕೆ ಕೆಂಪು ರಟ್ಟಿನ ಉದ್ದನೆಯ ಪುಸ್ತಕ ಇತ್ತು.

ಮೂರನೇ ಸೆಮಿಸ್ಟರ್ ಮುಗಿದು ರಜೆ ಸಿಕ್ಕಾಗ ಅಂಕಲ್‌ಗೆ ಒಂದು ಏಜೆಂಟ್ ಮಾಡಿಕೊಡ್ತೀವಿ ಅಂದ್ವಿ. ಅಂಕಲ್ ಮೊಬೈಲ್‌ನಲ್ಲಿ ಮಾತಾಡಿದರೆ ಸಾಕು, ಅದೇ ಸ್ಟಾಕ್ ನೋಡಿ, ಬಿಲ್ ಮಾಡಿ, ಬಾಕಿ ಬರೆದು, ತಿಂಗಳ ಕೊನೆಗೆ ಗಿರಾಕಿಗಳಿಗೆ ವಾಟ್ಸಾಪ್ ಕಳಿಸಬೇಕು. ಅಂಕಲ್ ನಕ್ಕು, "ಮಾಡ್ರಪ್ಪಾ, ಆದ್ರೆ ನನ್ನ ಪುಸ್ತಕ ಮಾತ್ರ ಎಸೀಬೇಡಿ" ಅಂದರು. ಆ ಒಂದು ಮಾತೇ ಕೊನೆಗೆ ನಮ್ಮನ್ನ ಉಳಿಸಿದ್ದು.

ಸಿವಿಲ್, ಮೆಕ್ಯಾನಿಕಲ್ ಗೆಳೆಯರಿಗಾಗಿ ಇಲ್ಲಿ ಎರಡು ಮಾತು. ಭಾಷಾ ಮಾಡೆಲ್ ತಾನಾಗೇ ಯಾರ ಡೇಟಾಬೇಸನ್ನೂ ಮುಟ್ಟಲ್ಲ. ನಾವು ಅದಕ್ಕೆ ಕೆಲವು ‘ಟೂಲ್’ ಕೊಡ್ತೀವಿ. ಒಂದೊಂದು ಟೂಲ್‌ಗೂ ಒಂದು ಹೆಸರು, ಅದು ಏನು ಮಾಡುತ್ತೆ ಅಂತ ನಾಲ್ಕು ಸಾಲು ವಿವರಣೆ, ಏನೇನು ಮಾಹಿತಿ ಕೊಡಬೇಕು ಅಂತ ಒಂದು ಪಟ್ಟಿ. ಮಾಡೆಲ್ ಇವನ್ನ ಓದಿ, "ಈ ಟೂಲ್, ಈ ಮಾಹಿತಿ" ಅಂತ ಬರೆದು ಕೊಡುತ್ತೆ. ಅದನ್ನ ಓಡಿಸೋದು ನಮ್ಮ ಪ್ರೋಗ್ರಾಂ, ಉತ್ತರ ವಾಪಸ್ ಹೋಗೋದು ಮಾಡೆಲ್‌ಗೆ. ಓಪನ್‌ಎಐ ಇದನ್ನ ‘ಫಂಕ್ಷನ್ ಕಾಲಿಂಗ್’ ಅಂತ 2023ರ ಜೂನ್‌ನಲ್ಲಿ ಬಿಟ್ಟಿತು. 2024ರ ನವೆಂಬರ್‌ನಲ್ಲಿ ಆಂಥ್ರೋಪಿಕ್ ‘ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್’ ಅನ್ನೋ ಮುಕ್ತ ಮಾನದಂಡ ತಂದಮೇಲೆ, ಯಾವ ಸಾಫ್ಟ್‌ವೇರ್‌ನ ಟೂಲನ್ನ ಯಾವ ಏಜೆಂಟಿಗೆ ಬೇಕಾದರೂ ಜೋಡಿಸೋದು ಸುಲಭ ಆಯ್ತು.

ಇಲ್ಲಿ ಮುಖ್ಯ ವಿಷಯ ಒಂದೇ. ಟೂಲ್‌ನ ಒಳಗಿನ ಕೋಡ್ ಮಾಡೆಲ್‌ಗೆ ಕಾಣಲ್ಲ. ಅಂಗಡಿಯೂ ಕಾಣಲ್ಲ, ಗಿರಾಕಿಯೂ ಕಾಣಲ್ಲ. ನಾವು ಬರೆದ ಆ ನಾಲ್ಕು ಸಾಲೇ ಅದರ ಪ್ರಪಂಚ. ಇದು ನಮಗೆ ಗೊತ್ತಿತ್ತು, ವೈವಾದಲ್ಲಿ ಕೇಳಿದ್ದರೆ ಪಟ್ ಅಂತ ಹೇಳ್ತಿದ್ವಿ. ಆದರೂ ಕೋಡ್‌ಗೆ ಹತ್ತು ದಿನ ಕೊಟ್ಟು, ವಿವರಣೆಗಳನ್ನ ಒಂದೇ ರಾತ್ರಿ ಗೀಚಿದ್ವಿ, ಅದೂ ಇಂಗ್ಲಿಷ್‌ನಲ್ಲಿ. ಬಿಲ್ಲಿಂಗ್ ಸಾಫ್ಟ್‌ವೇರ್‌ನ ಒಂದೊಂದು ಬಟನ್‌ಗೂ ಒಂದೊಂದು ಟೂಲ್, ಒಟ್ಟು 24.

ಮೊದಲ ವಾರ ಬರೀ ತಮಾಷೆ. ಗಿರಾಕಿಯೊಬ್ಬರು ಒಂದು ಮೂಟೆ ಸೋನಾ ಮಸೂರಿ ಕೇಳಿದರು. ನಮ್ಮ ಟೂಲ್‌ನಲ್ಲಿ ‘ಕ್ವಾಂಟಿಟಿ: ಒಂದು ಸಂಖ್ಯೆ’ ಅಂತಷ್ಟೇ ಇತ್ತು. ಏಜೆಂಟ್ 1 ಅಂತ ಬರೀತು, ಬಿಲ್ ಬಂದಿದ್ದು ಒಂದು ಕೆಜಿಗೆ. ‘ಕೆಜಿಯಲ್ಲಿ ಕೊಡು’ ಅಂತ ಸೇರಿಸಿದ್ವಿ. ಮಾರನೇ ದಿನ ಅದು ಮೂಟೆ ಅಂದ್ರೆ 25 ಅಂದುಕೊಳ್ತು. ಅಂಕಲ್ ಮೂಟೆ ತೋರಿಸಿದರು, ಅದರ ಮೇಲೆ 26 ಕೆಜಿ ಅಂತ ಅಚ್ಚಾಗಿತ್ತು. ನಮಗೂ ಅದು ಹೊಸ ವಿಷಯ. 2022ರ ಜುಲೈ 18ರಿಂದ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಅಕ್ಕಿ, ಬೇಳೆ, ಹಿಟ್ಟಿಗೆ 25 ಕೆಜಿವರೆಗಿನ ಪ್ಯಾಕ್ ಆದರೆ ಶೇ 5 ಜಿಎಸ್‌ಟಿ, ಅದಕ್ಕಿಂತ ದೊಡ್ಡದಾದರೆ ಇಲ್ಲ ಅಂತ ನಿಯಮ ಬಂತು. ಹಾಗಾಗಿ 26 ಕೆಜಿ ಮೂಟೆಗಳು ಬಂದವು. ಅಂಗಡಿಯಲ್ಲಿ ಕೆಲಸ ಮಾಡೋ ಹುಡುಗನಿಗೂ ಗೊತ್ತಿರೋ ವಿಷಯ ನಮ್ಮ ವಿವರಣೆಯಲ್ಲಿ ಇರಲಿಲ್ಲ.

ಹಾಲಿನ ಕಥೆಯನ್ನ ಅಂಕಲ್ಲೇ ಹೇಳಿದರು. 2024ರ ಜೂನ್ ಕೊನೆಯಲ್ಲಿ ಕೆಎಂಎಫ್ ನಂದಿನಿ ಪ್ಯಾಕೆಟ್‌ಗೆ 50 ಎಂಎಲ್ ಸೇರಿಸಿ 2 ರೂಪಾಯಿ ಏರಿಸಿತ್ತು. ಅರ್ಧ ಲೀಟರ್ ಪ್ಯಾಕೆಟ್ 550 ಎಂಎಲ್ ಆಯ್ತು, ಒಂದು ಲೀಟರಿನದು 1,050 ಆಯ್ತು. 2025ರ ಏಪ್ರಿಲ್‌ನಲ್ಲಿ ಮತ್ತೆ ಹಳೇ ಅಳತೆಗೆ ಬಂತು. "ಆ ಒಂಬತ್ತು ತಿಂಗಳೂ ಜನ ಕೇಳಿದ್ದು ಅರ್ಧ ಲೀಟರ್ ಅಂತಾನೇ. ಯಾರಾದ್ರೂ ಐನೂರೈವತ್ತು ಎಂಎಲ್ ಕೊಡಿ ಅಂತ ಕೇಳ್ತಾರಾ?" ಅಂತ ನಕ್ಕರು. ವಿಳಾಸದ್ದೂ ಹೀಗೇ. ಆರ್‌ಪಿಸಿ ಲೇಔಟ್ ಅಂದರೂ ಹಂಪಿನಗರ ಅಂದರೂ ಇಲ್ಲಿಯವರಿಗೆ ಒಂದೇ. ಪಿನ್‌ಕೋಡ್ ಕೆಲವರು 560040 ಅಂತ ಬರೀತಾರೆ, ಕೆಲವರು 560104 ಅಂತ. ನಮ್ಮ ಏಜೆಂಟ್ ಒಂದೇ ಮನೆಯನ್ನ ಎರಡು ಮನೆ ಮಾಡಿ, ಎರಡು ಖಾತೆ ತೆರೆದಿತ್ತು.

ಇವನ್ನೆಲ್ಲ ನಾವು ನಗ್ತಾ ನಗ್ತಾ ಸರಿಮಾಡಿದ್ವಿ. ತಪ್ಪಾದ ಕೂಡಲೇ ಕಣ್ಣಿಗೆ ಬೀಳ್ತಿದ್ದವು. 26 ಕೆಜಿ ಮೂಟೆ ಹೊತ್ತುಕೊಂಡು ಹೋಗೋರಿಗೆ ಒಂದು ಕೆಜಿ ಬಿಲ್ ಕೊಟ್ಟರೆ ಗೊತ್ತಾಗದೇ ಇರುತ್ತಾ? ಲೆಕ್ಕದ ಪುಸ್ತಕದ ತಪ್ಪು ಹಾಗಲ್ಲ. ಅದು ಸದ್ದಿಲ್ಲದೆ ಕೂತಿರುತ್ತೆ.

ಆ ಅಜ್ಜಿ ಒಬ್ಬರೇ ಇರೋದು. ಮಗ ಪುಣೆಯಲ್ಲಿ ಕೆಲಸದಲ್ಲಿದ್ದಾರೆ. ಅಜ್ಜಿ ತಿಂಗಳಿಡೀ ಬೇಕಾದ್ದು ತಗೊಂಡು, ಪೆನ್ಷನ್ ಬಂದಮೇಲೆ ಒಟ್ಟಿಗೆ ಕೊಡ್ತಾರೆ. ಐದನೇ ತಾರೀಕು ದಾಟಿಸಿದ್ದೇ ಇಲ್ಲವಂತೆ. ಆ ತಿಂಗಳು 640 ರೂಪಾಯಿ ಆಗಿತ್ತು. ಕೊಟ್ಟರು. ಅಂಕಲ್ ಮೊಬೈಲ್ ಎತ್ತಿ, "ಅಜ್ಜಿ ಆರ್ನೂರ ನಲವತ್ತು ಕೊಟ್ರು, ಅವರ ಲೆಕ್ಕಕ್ಕೆ ಹಾಕು" ಅಂದರು. ಏಜೆಂಟ್ "ಆಯ್ತು" ಅಂತು. ತಿಂಗಳ ಕೊನೆಗೆ ಅದರ ಪಾಡಿಗೆ ಅದು ಎಲ್ಲರಿಗೂ ಮೆಸೇಜ್ ಕಳಿಸಿತು. ಅಜ್ಜಿ ಖಾತೆಗೆ ಕೊಟ್ಟಿದ್ದ ನಂಬರ್ ಮಗನದು. "ನಿಮ್ಮ ಬಾಕಿ 1,280 ರೂಪಾಯಿ, ದಯವಿಟ್ಟು ಬೇಗ ಪಾವತಿಸಿ" ಅಂತ ಹೋಗಿತ್ತು. ಆ ತಿಂಗಳು ಅಜ್ಜಿ ಊರಿಗೆ ಹೋಗಿದ್ದರಿಂದ ಅಂಗಡಿಯಿಂದ ಒಂದು ಕಡ್ಡಿಪೆಟ್ಟಿಗೇನೂ ತಗೊಂಡಿರಲಿಲ್ಲ.

ಮರುದಿನ ನಾವು ಅಂಗಡಿಯಲ್ಲೇ ಇದ್ವಿ. ಅಜ್ಜಿ ಒಂದು ಸಣ್ಣ ಪಾಕೆಟ್ ಪುಸ್ತಕ ಹಿಡಿದು ಬಂದರು. ದುಡ್ಡು ಕೊಟ್ಟಾಗಲೆಲ್ಲ ಅಂಕಲ್ ಅದರಲ್ಲಿ ಸಹಿ ಹಾಕಿದ್ದರು. ಅಜ್ಜಿ ಜೋರು ಮಾಡಲಿಲ್ಲ. "ಯಾಕಪ್ಪಾ, ನಾನು ಕೊಟ್ಟಿರಲಿಲ್ವಾ? ಮಗ ಫೋನ್ ಮಾಡಿ, ಯಾಕಮ್ಮ ಅಂಗಡೀಲಿ ಸಾಲ ಮಾಡ್ಕೊಂಡಿದ್ದೀಯ, ನಂಗೆ ಹೇಳಬಾರದಾ ಅಂತ ಬೈದ. ನಂಗೇ ಮರೆವು ಬಂತೇನೋ ಅಂತ ರಾತ್ರಿಯೆಲ್ಲಾ ನಿದ್ದೆ ಇಲ್ಲ" ಅಂದರು.

ಅಂಕಲ್ ಕಂಪ್ಯೂಟರ್ ಕಡೆ ಕೈ ತೋರಿಸಬಹುದಿತ್ತು. ನಮ್ಮ ಕಡೆಗೂ ತೋರಿಸಬಹುದಿತ್ತು. ಎರಡೂ ಮಾಡಲಿಲ್ಲ. "ತಪ್ಪು ನಮ್ಮದಮ್ಮಾ. ನಿಮ್ಮ ಮಗಂಗೆ ನಾನೇ ಫೋನ್ ಮಾಡ್ತೀನಿ" ಅಂದರು. ಅಕ್ಕಿ ಮೂಟೆ ಹಿಂದೆ ನಿಂತಿದ್ದ ನಮಗೆ ಅಲ್ಲೇ ಇಂಗಿ ಹೋದರೆ ಸಾಕು ಅನ್ನಿಸ್ತು.

ಅವತ್ತು ಸಂಜೆ ಕೆಂಪು ಪುಸ್ತಕ ಎದುರಿಗಿಟ್ಟುಕೊಂಡು 43 ಖಾತೆಯನ್ನೂ ಒಂದೊಂದಾಗಿ ತಾಳೆ ನೋಡಿದ್ವಿ. ಇನ್ನೂ ಮೂರು ತಪ್ಪಿದ್ದವು. ಅದರಲ್ಲಿ ಒಬ್ಬರು ಜಾಸ್ತಿ ತೋರಿಸಿದ 300 ರೂಪಾಯಿಯನ್ನ ಸುಮ್ಮನೆ ಕಟ್ಟಿಬಿಟ್ಟಿದ್ದರು. ವಾಪಸ್ ಕೊಡೋಕೆ ಹೋದಾಗ ಅವರು ಅಂದಿದ್ದು, "ಕಂಪ್ಯೂಟರ್ ಲೆಕ್ಕ ಅಲ್ವಾ, ಸರಿ ಇರುತ್ತೆ ಅಂದ್ಕೊಂಡೆ." ಅಜ್ಜಿಯ ಮಾತಿಗಿಂತ ಈ ಮಾತು ನಮ್ಮನ್ನ ಹೆಚ್ಚು ಹೆದರಿಸಿತು. ಅಜ್ಜಿ ಹತ್ತಿರ ಪುಸ್ತಕ ಇತ್ತು, ಕೇಳಿದರು. ಪುಸ್ತಕ ಇಲ್ಲದವರು ಕೇಳೋದೇ ಇಲ್ಲ.

ತಪ್ಪು ಎಲ್ಲಿ ಅಂತ ಹುಡುಕಿದರೆ ಕೋಡ್‌ನಲ್ಲಿ ಒಂದು ಬಗ್ ಕೂಡ ಇಲ್ಲ. ನಾವು ಬಾಕಿ ಬರೆಯೋ ಟೂಲ್‌ಗೆ ಇಟ್ಟಿದ್ದ ಹೆಸರು ‘ಆಡ್ ಕ್ರೆಡಿಟ್’. ವಿವರಣೆ, ಗಿರಾಕಿಯ ಖಾತೆಗೆ ಕ್ರೆಡಿಟ್ ಸೇರಿಸುತ್ತೆ ಅಂತ ಒಂದೇ ಸಾಲು. ನಮ್ಮ ತಲೆಯಲ್ಲಿ ಕ್ರೆಡಿಟ್ ಅಂದ್ರೆ ಸಾಲದ ಮೇಲೆ ಸಾಮಾನು ಕೊಡೋದು. ಆದರೆ ಬ್ಯಾಂಕಿನಿಂದ ‘ನಿಮ್ಮ ಖಾತೆಗೆ ಕ್ರೆಡಿಟ್ ಆಗಿದೆ’ ಅಂತ ಎಸ್‌ಎಂಎಸ್ ಬಂದರೆ ದುಡ್ಡು ಬಂತು ಅಂತ ಅರ್ಥ. ಒಂದೇ ಪದ, ಅಂಗಡಿಯಲ್ಲಿ ಒಂದು ದಿಕ್ಕು, ಬ್ಯಾಂಕಿನಲ್ಲಿ ಅದರ ಎದುರು ದಿಕ್ಕು. ದುಡ್ಡು ಬಂದಾಗ ಬಳಸೋಕೆ ‘ರೆಕಾರ್ಡ್ ಪೇಮೆಂಟ್’ ಅಂತ ಬೇರೆ ಟೂಲ್ ಇತ್ತು, ನಿಜ. ಅದರ ವಿವರಣೆಯಲ್ಲಿ ‘ಬಿಲ್‌ಗೆ ಹಣ ಪಾವತಿ’ ಅಂತ ಬರೆದಿದ್ವಿ. ಅಂಕಲ್ ಬಿಲ್ ಅನ್ನಲಿಲ್ಲ, ‘ಲೆಕ್ಕಕ್ಕೆ ಹಾಕು’ ಅಂದರು. ಖಾತೆಗೆ ಹಾಕೋ ಟೂಲ್ ಯಾವುದು ಅಂತ ಹುಡುಕಿದ ಏಜೆಂಟ್ ‘ಆಡ್ ಕ್ರೆಡಿಟ್’ ಆರಿಸಿತು. ಅದರ ಜಾಗದಲ್ಲಿ ನಾವಿದ್ದರೂ ಅದನ್ನೇ ಆರಿಸ್ತಿದ್ವೇನೋ.

ಮಾರನೇ ದಿನ ಹಂಪಿನಗರದ ಕೇಂದ್ರ ಗ್ರಂಥಾಲಯದಲ್ಲಿ ಕೂತು ಎಲ್ಲ ವಿವರಣೆಗಳನ್ನೂ ಇನ್ನೂ ಉದ್ದವಾಗಿ, ಇನ್ನೂ ಚೆನ್ನಾಗಿರೋ ಇಂಗ್ಲಿಷ್‌ನಲ್ಲಿ ಬರೆದ್ವಿ. ಆಮೇಲೆ ನಮಗೇ ಹೊಳೀತು, ಇದು ಸರಿಯಾ ಅಂತ ಹೇಳಬಲ್ಲವರು ಅಂಕಲ್ ಒಬ್ಬರೇ, ಅವರು ಇದನ್ನ ಓದಲ್ಲ. ಮಧ್ಯಾಹ್ನ ಅಂಗಡಿ ಖಾಲಿ ಇರೋ ಹೊತ್ತಿಗೆ ಹೋಗಿ ಒಂದೊಂದನ್ನೂ ಕನ್ನಡದಲ್ಲಿ ಹೇಳೋಕೆ ಶುರು ಮಾಡಿದ್ವಿ. ‘ಆಡ್ ಕ್ರೆಡಿಟ್’ ಹತ್ತಿರ ಬಂದಾಗ ಮಾತು ತಡವರಿಸ್ತು. "ಅಂದ್ರೆ ಅಂಕಲ್, ಖಾತೆಗೆ..." ಅಂತ ಎಳೀತಿದ್ವಿ. ಅಂಕಲ್ ತಡೆದು, "ಉದ್ರೀನೋ ಜಮಾನೋ?" ಅಂತ ಕೇಳಿದರು.

ಎರಡೇ ಪದ. ‘ಇಂದು ನಗದು, ನಾಳೆ ಉದ್ರಿ’ ಅನ್ನೋ ಬೋರ್ಡ್ ನಾವೂ ಎಷ್ಟೋ ಅಂಗಡಿಯಲ್ಲಿ ನೋಡಿದ್ವಿ. ಜಮಾ ಅನ್ನೋದನ್ನ ಬ್ಯಾಂಕಿನ ಚಲನ್ ಮೇಲೆ ಓದಿದ್ವಿ. ಎರಡನ್ನೂ ಜೊತೆಗಿಟ್ಟು ಯೋಚಿಸಿರಲಿಲ್ಲ. ಅಂಕಲ್ ಪುಸ್ತಕ ತೆಗೆದು ತೋರಿಸಿದರು. ಎಡಗಡೆ ಉದ್ರಿ, ಬಲಗಡೆ ಜಮಾ, ಕೆಳಗೆ ಬಾಕಿ. ಮೂರು ವಾರದಿಂದ ಆ ಪುಟಗಳನ್ನ ಟೈಪ್ ಮಾಡಿದ್ದು ನಾವೇ. ತಲೆಬರಹ ಓದಿರಲಿಲ್ಲ, ಅಂಕಿ ಮಾತ್ರ ತಗೊಂಡಿದ್ವಿ.

ಕನ್ನಡ ಶುದ್ಧ, ಇಂಗ್ಲಿಷ್ ಗೊಂದಲ ಅಂತ ಹೇಳ್ತಿಲ್ಲ. ಜಮಾ ಅರಬ್ಬಿ ಮೂಲದ ಪದ, ಅಂಕಲ್‌ಗೆ ಅದು ಮುಖ್ಯವೇ ಅಲ್ಲ. ಆ ಅಂಗಡಿಯಲ್ಲಿ ಆ ಪದಕ್ಕೆ ಒಂದೇ ಅರ್ಥ ಇದೆ, ಅಷ್ಟೇ ಸಾಕು. ದಿನಾ ಲೆಕ್ಕ ಬರೆಯೋರು ಎರಡು ಕೆಲಸಕ್ಕೆ ಎರಡು ಪದ ಇಟ್ಟುಕೊಂಡಿದ್ದರು, ಅವರನ್ನ ಕೇಳದೆ ನಾವು ಎರಡಕ್ಕೂ ಹೊಂದೋ ಒಂದು ಪದ ತಂದು ಅಂಟಿಸಿದ್ವಿ.

ಆಮೇಲೆ ಅಲ್ಲೇ ಗೋಣಿಚೀಲದ ಮೇಲೆ ಕೂತು ಹೊಸದಾಗಿ ಬರೆದ್ವಿ. ಮೊದಲ ಟೂಲ್‌ನ ವಿವರಣೆ ಈಗ ಹೀಗಿದೆ:

"ಉದ್ರಿ ಬರೆ. ಗಿರಾಕಿ ದುಡ್ಡು ಕೊಡದೆ ಸಾಮಾನು ತಗೊಂಡು ಹೋದಾಗ ಮಾತ್ರ ಬಳಸು. ಇದರಿಂದ ಬಾಕಿ ಹೆಚ್ಚಾಗುತ್ತೆ. ಗಿರಾಕಿ ದುಡ್ಡು ಕೊಟ್ಟಿದ್ದರೆ ಇದನ್ನ ಬಳಸಬೇಡ, ‘ಜಮಾ ಬರೆ’ ಬಳಸು. ‘ಲೆಕ್ಕಕ್ಕೆ ಹಾಕು’ ಅಂತ ಮಾತ್ರ ಹೇಳಿದ್ದು, ದುಡ್ಡು ಬಂತೋ ಸಾಮಾನು ಹೋಯ್ತೋ ಗೊತ್ತಾಗದಿದ್ದರೆ ಅಂಗಡಿಯವರನ್ನ ಕೇಳು. ಮೊತ್ತ ರೂಪಾಯಿಯಲ್ಲಿ. ಬರೆದ ಮೇಲೆ ಹಳೇ ಬಾಕಿ, ಹೊಸ ಬಾಕಿ ಎರಡನ್ನೂ ಓದಿ ಹೇಳು."

ಇದನ್ನ ಓದಿದ ಕೂಡಲೇ ಅಂಕಲ್ ಪ್ರಶ್ನೆ ಮೇಲೆ ಪ್ರಶ್ನೆ ಹಾಕಿದರು. "ಉದ್ರಿ ತಗೊಂಡು ಹೋದ ಸಾಮಾನು ವಾಪಸ್ ತಂದ್ರೆ?" ಬಾಕಿ ಕಮ್ಮಿ ಆಗುತ್ತೆ, ಆದರೆ ಗಲ್ಲಾಕ್ಕೆ ದುಡ್ಡು ಬರಲ್ಲ. ಜಮಾ ಅಂತ ಬರೆದರೆ ರಾತ್ರಿ ಗಲ್ಲಾ ಲೆಕ್ಕ ತಾಳೆ ಆಗಲ್ಲ. ಹಾಗಾಗಿ ‘ವಾಪಸ್ ಬರೆ’ ಅಂತ ಮೂರನೇ ಟೂಲ್ ಬಂತು. "ಮೊದಲೇ ಐನೂರು ಕೊಟ್ಟಿಟ್ಟಿರೋರು?" ಅವರ ಬಾಕಿ ಸೊನ್ನೆಗಿಂತ ಕಮ್ಮಿ, ಅದು ತಪ್ಪಲ್ಲ ಅಂತ ಒಂದು ಸಾಲು ಸೇರಿತು. "ಒಂದೇ ಹೆಸರಿನೋರು ಮೂರು ಜನ ಇದ್ದಾರಲ್ಲ?" ಪುಸ್ತಕದಲ್ಲಿ ಅವರನ್ನ ಟೈಲರ್ ಮನೆ, ಮೂರನೇ ಮಹಡಿ, ಮೇಷ್ಟ್ರ ಮನೆ ಅಂತ ಗುರುತಿಸಿದ್ದರು. ನಾವು ಟೈಪ್ ಮಾಡುವಾಗ ಅವನ್ನ ಅನಗತ್ಯ ಅಂತ ಬಿಟ್ಟಿದ್ವಿ. ಈಗ ಅದೇ ನಮ್ಮ ಎರರ್ ಮೆಸೇಜ್. ಮೊದಲು ಬರೀ ‘ಎರರ್’ ಅಂತ ಬರ್ತಿತ್ತು, ಈಗ "ಈ ಹೆಸರಲ್ಲಿ 3 ಖಾತೆ ಇವೆ: ಟೈಲರ್ ಮನೆ, ಮೂರನೇ ಮಹಡಿ, ಮೇಷ್ಟ್ರ ಮನೆ. ಯಾವುದು ಅಂತ ಕೇಳು, ನೀನೇ ಆರಿಸಬೇಡ" ಅಂತ ಬರುತ್ತೆ. ಒಂದಕ್ಕೊಂದು ಹೋಲೋ ಟೂಲ್‌ಗಳನ್ನ ತೆಗೆದು ಹಾಕಿದ್ವಿ. 24 ಇದ್ದದ್ದು 9ಕ್ಕೆ ಬಂತು.

ಇದು ನಮ್ಮೊಬ್ಬರ ಕಷ್ಟ ಅಲ್ಲ ಅಂತ ಆಮೇಲೆ ಓದಿ ತಿಳ್ಕೊಂಡ್ವಿ. 2024ರ ಜೂನ್‌ನಲ್ಲಿ ಸಿಯೆರಾ ಅನ್ನೋ ಕಂಪನಿಯ ಸಂಶೋಧಕರು ‘ಟೌ-ಬೆಂಚ್’ ಅನ್ನೋ ಪರೀಕ್ಷೆ ಹೊರತಂದರು. ಅದರಲ್ಲಿ ಎರಡು ಭಾಗ, ಒಂದು ವಿಮಾನ ಟಿಕೆಟ್, ಇನ್ನೊಂದು ಚಿಲ್ಲರೆ ವ್ಯಾಪಾರ. ಗಿರಾಕಿಯ ಪಾತ್ರ ಮಾಡೋದೂ ಒಂದು ಮಾಡೆಲ್. ಏಜೆಂಟ್ ಅವರ ಜೊತೆ ಮಾತಾಡಿ, ಟೂಲ್ ಬಳಸಿ, ಆರ್ಡರ್ ರದ್ದು ಮಾಡೋದು, ಬದಲಾಯಿಸೋದು ಎಲ್ಲ ಮಾಡಬೇಕು. ಮಾತು ಎಷ್ಟು ಚೆನ್ನಾಗಿತ್ತು ಅಂತಲ್ಲ, ಕೊನೆಗೆ ಡೇಟಾಬೇಸ್ ಹೇಗಿರಬೇಕಿತ್ತೋ ಹಾಗಿದೆಯಾ ಅಂತ ನೋಡ್ತಾರೆ. ಆಗಿನ ಜಿಪಿಟಿ-4ಒ ಅರ್ಧಕ್ಕಿಂತ ಕಮ್ಮಿ ಕೆಲಸಗಳಲ್ಲಿ ಪಾಸಾಯ್ತು. ಚಿಲ್ಲರೆ ವ್ಯಾಪಾರದ ಭಾಗದಲ್ಲಿ ಒಂದೇ ಕೆಲಸವನ್ನ 8 ಸಲ ಕೊಟ್ಟರೆ ಎಂಟಕ್ಕೆ ಎಂಟೂ ಸರಿ ಬಂದಿದ್ದು ಶೇ 25ಕ್ಕಿಂತ ಕಮ್ಮಿ. ಅದರ ಟೂಲ್ ವಿವರಣೆಗಳನ್ನ ತೆಗೆದು ನೋಡಿದರೆ, ಆರ್ಡರ್ ನಂಬರ್‌ನ ಮುಂದೆ ಒಂದು ಹ್ಯಾಷ್ ಚಿಹ್ನೆ ಇರುತ್ತೆ ಅಂತಲೂ ಎಚ್ಚರಿಸಿದ್ದಾರೆ. ಮೊದಲಾಗಿದ್ದರೆ ಇದನ್ನೆಲ್ಲ ಯಾಕೆ ಬರೀಬೇಕು ಅಂತ ನಗ್ತಿದ್ವಿ.

ಆ ‘8 ಸಲ’ ನಾವೂ ಕದ್ವಿ. ಅಂಕಲ್ ದಿನಾ ಆಡೋ ಮಾತುಗಳನ್ನೇ 20 ಬರೆದುಕೊಂಡು, ಡೇಟಾಬೇಸ್‌ನ ಕಾಪಿ ಮೇಲೆ ಒಂದೊಂದನ್ನೂ 8 ಸಲ ಓಡಿಸಿದ್ವಿ. "ಅಜ್ಜಿ ಕೊಟ್ರು, ಲೆಕ್ಕಕ್ಕೆ ಹಾಕು" ಅನ್ನೋದನ್ನ ಹಳೇ ವಿವರಣೆಯಲ್ಲಿ ಓಡಿಸಿದರೆ 5 ಸಲ ಸರಿ, 3 ಸಲ ತಪ್ಪು. ಅಂದರೆ ಮೊದಲು ನಾವು ಒಂದೇ ಸಲ ಓಡಿಸಿ, ಸರಿ ಬಂತು ಅಂತ ಚಪ್ಪಾಳೆ ತಟ್ಟಿ ಮನೆಗೆ ಹೋಗಿದ್ವಿ. ಹೊಸ ವಿವರಣೆಯಲ್ಲಿ ಎಂಟೂ ಸರಿ ಬಂತು. ಆದರೂ ತಿಂಗಳ ಕೊನೆಯ ಮೆಸೇಜ್ ಕಳಿಸೋ ಟೂಲನ್ನ ಏಜೆಂಟ್ ಕೈಯಿಂದ ಕಿತ್ತುಕೊಂಡ್ವಿ. ಅದು ಪಟ್ಟಿ ಮಾಡುತ್ತೆ, ಆಂಟಿ ಪುಸ್ತಕದ ಜೊತೆ ತಾಳೆ ನೋಡಿ ಒಪ್ಪಿದರೆ ಮಾತ್ರ ಹೋಗುತ್ತೆ. ವಿವರಣೆ ಅನ್ನೋದು ಬಾಗಿಲ ಮೇಲಿನ ಬೋರ್ಡ್ ಇದ್ದ ಹಾಗೆ, ಬೀಗ ಅಲ್ಲ. ಬೀಗ ಬೇಕಾದ ಕಡೆ ಕೋಡ್‌ನಲ್ಲೇ ಹಾಕಬೇಕು.

ಮುಂದಿನ ತಿಂಗಳು ಐದನೇ ತಾರೀಕಿನ ಒಳಗೇ ಅಜ್ಜಿ ಬಂದರು, ಪುಸ್ತಕ ಹಿಡಿದೇ. ಅಂಕಲ್ ಮೊಬೈಲ್‌ಗೂ ಹೇಳಿದರು, ಅಜ್ಜಿ ಪುಸ್ತಕದಲ್ಲಿ ಸಹಿಯನ್ನೂ ಹಾಕಿದರು. "ಜಮಾ ಬರೆದೆ. ಹಳೇ ಬಾಕಿ 410, ಹೊಸ ಬಾಕಿ ಸೊನ್ನೆ" ಅಂತ ಮೊಬೈಲ್ ಓದಿ ಹೇಳ್ತು. ಅಜ್ಜಿ ನಮ್ಮ ಕಡೆ ತಿರುಗಿ, "ಈಗ ಲೆಕ್ಕ ಕಲೀತೇನಪ್ಪಾ ನಿಮ್ಮ ಯಂತ್ರ?" ಅಂದರು.

"ಕಲೀಬೇಕಾಗಿದ್ದು ನಾವು ಅಜ್ಜಿ" ಅಂದ್ವಿ. ಅವರಿಗೆ ಸಮಾಧಾನ ಆದ ಹಾಗೆ ಕಾಣಲಿಲ್ಲ. ಇನ್ನೊಂದು ಸಲ ಸೊನ್ನೆ ಅಂತ ಓದಿಸಿಕೊಂಡು, ಪುಸ್ತಕವನ್ನ ಚೀಲದೊಳಗೆ ಇಟ್ಟುಕೊಂಡು ಹೋದರು. ಸರಿಯಾಗೇ ಮಾಡಿದರು.

ಈ ಸಲದ ಮಿನಿ ಪ್ರಾಜೆಕ್ಟ್‌ಗೆ ನಮ್ಮ ಬ್ಯಾಚಿನಲ್ಲಿ ಎಷ್ಟೋ ತಂಡಗಳು ಏಜೆಂಟ್ ಮಾಡ್ತಿದ್ದೀರಿ. ಹಾಸ್ಟೆಲ್ ಮೆಸ್‌ಗೆ, ಮೆಡಿಕಲ್ ಶಾಪ್‌ಗೆ, ಕ್ಯಾಂಟೀನಿಗೆ. ಡೆಮೋ ದಿನಕ್ಕೆ ಮುಂಚೆ ಒಂದು ಮಧ್ಯಾಹ್ನ ನಿಮ್ಮ ಟೂಲ್ ವಿವರಣೆಗಳನ್ನ ಆ ಜಾಗದಲ್ಲಿ ಕೆಲಸ ಮಾಡೋರಿಗೆ ಅವರ ಭಾಷೆಯಲ್ಲಿ ಓದಿ ಹೇಳಿ. ಎಲ್ಲಿ ನಿಮ್ಮ ಬಾಯಿ ತಡವರಿಸುತ್ತೋ ಅಲ್ಲಿ ಪೆನ್ಸಿಲ್‌ನಲ್ಲಿ ಗುರುತು ಹಾಕಿ. ನಮ್ಮ 9 ವಿವರಣೆ, 20 ಮಾತು ಎರಡೂ ಬೇಕಿದ್ದರೆ ಸಂಘದ ಮುಂದಿನ ಮೀಟಿಂಗ್‌ಗೆ ಬನ್ನಿ, ಕೊಡ್ತೀವಿ. ಆದರೆ ಅವು ಆರ್‌ಪಿಸಿ ಲೇಔಟ್‌ನ ಒಂದು ಅಂಗಡಿಯವು. ನಿಮ್ಮ ಅಂಗಡಿಯವನ್ನ ನೀವೇ ಹೋಗಿ ಕೇಳಬೇಕು.